ಅಲಬಾಮಾದಲ್ಲಿ ಜೇಲನ್ ಹರ್ಟ್ಸ್ ಪಾಸಿಂಗ್ ಆಟದಲ್ಲಿ ಎಡವಿದ್ದೇಕೆ: ತೋಳಿನ ಕೊರತೆಯೋ, ತರಬೇತಿಯ ಕೊರತೆಯೋ?

ಹೊಳೆನರಸೀಪುರದವನು

ಅಮೆರಿಕನ್ ಫುಟ್‌ಬಾಲನ್ನು ಆಸಕ್ತಿಯಿಂದ ನೋಡುವ ಕನ್ನಡಿಗರು ಇಲ್ಲಿ ಸಾಕಷ್ಟು ಮಂದಿ ಇದ್ದೀರಿ ಎಂಬ ಧೈರ್ಯದ ಮೇಲೆ ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ. 2025ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಕಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 40-22ರಿಂದ ಮಣಿಸಿ ವೃತ್ತಿಪರ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಾಗ ಪಂದ್ಯಶ್ರೇಷ್ಠ ಪ್ರಶಸ್ತಿ ಸಿಕ್ಕಿದ್ದು ಅದರ ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಎಸೆದು ಆಟ ನಡೆಸುವವನು) ಜೇಲನ್ ಹರ್ಟ್ಸ್‌ಗೆ. ಆ ದಿನ ಎಸೆದ 22 ಪಾಸ್‌ಗಳಲ್ಲಿ 17 ಗುರಿ ಮುಟ್ಟಿದ್ದವು. ಅದಕ್ಕೆ ಏಳು ವರ್ಷ ಮೊದಲು, 2018ರ ಜನವರಿ 8ರಂದು, ಜಾರ್ಜಿಯಾ ವಿರುದ್ಧದ ಕಾಲೇಜು ರಾಷ್ಟ್ರೀಯ ಚಾಂಪಿಯನ್‌ಷಿಪ್ ಫೈನಲ್‌ನ ವಿರಾಮದ ವೇಳೆಗೆ ಇದೇ ಹುಡುಗ 8 ಪಾಸ್‌ಗಳಲ್ಲಿ 3ನ್ನು ಮಾತ್ರ ಮುಟ್ಟಿಸಿ 21 ಯಾರ್ಡ್ ಗಳಿಸಿದ್ದ. ಅಲಬಾಮಾ 0-13ರಿಂದ ಹಿಂದಿತ್ತು. ಕೋಚ್ ನಿಕ್ ಸೇಬನ್ ಆತನನ್ನು ಹೊರಗೆ ಕೂರಿಸಿ, ಮೊದಲ ವರ್ಷದ ಟುವಾ ಟಗೊವೈಲೋವಾನನ್ನು ಕಣಕ್ಕಿಳಿಸಿದರು. ಮುಂದಿನ ಕಥೆ ನಿಮಗೆಲ್ಲ ಗೊತ್ತೇ ಇದೆ.

ನನ್ನ ಪ್ರಶ್ನೆ ಇಷ್ಟು. ಹದಿನೆಂಟು, ಹತ್ತೊಂಬತ್ತರ ವಯಸ್ಸಿನಲ್ಲಿ ಹರ್ಟ್ಸ್‌ಗೆ ಪಾಸ್ ಎಸೆಯುವುದು ನಿಜವಾಗಿಯೂ ಬರುತ್ತಿರಲಿಲ್ಲವೇ, ಅಥವಾ ಗೆಲುವಿನ ಅವಸರದಲ್ಲಿ ಯಾರೂ ಅದನ್ನು ಕ್ರಮವಾಗಿ ಕಲಿಸಲಿಲ್ಲವೇ? ಕಳೆದ ವಾರ ಗೆಳೆಯರ ನಡುವೆ ಈ ವಿಷಯ ಜಗಳದ ಮಟ್ಟಕ್ಕೆ ಹೋಯಿತು. ಆಟವನ್ನು ಬಲ್ಲವರು ದಯವಿಟ್ಟು ಬರೆಯಿರಿ.

ಅಟ್ಲಾಂಟಾವಾಸಿ

ಆ ಫೈನಲ್ ನಡೆದದ್ದು ನಮ್ಮೂರಿನ ಮರ್ಸಿಡಿಸ್ ಬೆಂಜ್ ಕ್ರೀಡಾಂಗಣದಲ್ಲಿ. ನಾನು ಜಾರ್ಜಿಯಾ ತಂಡದ ಪಕ್ಷದವನು, ಆದ್ದರಿಂದ ಆ ರಾತ್ರಿಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ನ್ಯಾಯವಾಗಿ ಹೇಳಬೇಕಾದರೆ ಸೇಬನ್ ಅವರ ತೀರ್ಮಾನದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಹರ್ಟ್ಸ್ ಓಡುವುದನ್ನು ತಡೆದರೆ ಸಾಕು, ಎಸೆದು ತಮ್ಮನ್ನು ಸೋಲಿಸಲಾರ ಎಂದು ನಮ್ಮ ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಪಡೆ) ಲೆಕ್ಕ ಹಾಕಿತ್ತು, ಆ ಲೆಕ್ಕ ಮೊದಲ ಎರಡು ಕ್ವಾರ್ಟರ್‌ಗಳಲ್ಲಿ ಸರಿಯಾಗಿಯೇ ನಡೆಯಿತು. ಟುವಾ ಬಂದ ಮೇಲೆ 24ರಲ್ಲಿ 14 ಪಾಸ್ ಮುಟ್ಟಿಸಿ 166 ಯಾರ್ಡ್, 3 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ವಲಯಕ್ಕೆ ಮುಟ್ಟಿಸುವುದು) ಗಳಿಸಿದ. ಹೆಚ್ಚುವರಿ ಅವಧಿಯಲ್ಲಿ ಎರಡನೇ ಡೌನ್‌ಗೆ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎರಡನೆಯದು) 26 ಯಾರ್ಡ್ ಬೇಕಿದ್ದಾಗ ಡಿವೋಂಟಾ ಸ್ಮಿತ್‌ಗೆ 41 ಯಾರ್ಡ್‌ನ ಪಾಸ್ ಎಸೆದು 26-23ಕ್ಕೆ ಪಂದ್ಯ ಮುಗಿಸಿದ. ಅದೇ ತಂಡ, ಅದೇ ಪ್ಲೇಬುಕ್ (ಆಟದ ಯೋಜನೆಗಳ ಪಟ್ಟಿ); ಮುಖ್ಯವಾಗಿ ಬದಲಾದದ್ದು ಎಸೆಯುವ ಕೈ.

ಮೂರನೇ_ಡೌನ್

ಅಟ್ಲಾಂಟಾವಾಸಿಯವರೇ, ಟುವಾ ಒಂದು ಇಂಟರ್ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಕೂಡ ಎಸೆದಿದ್ದ ಎಂಬುದನ್ನು ಬಿಟ್ಟಿದ್ದೀರಿ. ಆ ಸ್ಮಿತ್ ಪಾಸ್‌ನ ಹಿಂದಿನ ಆಟದಲ್ಲೇ 16 ಯಾರ್ಡ್ ಹಿಂದಕ್ಕೆ ಓಡಿ ಸ್ಯಾಕ್ ಆದವನೂ (ಎಸೆಯುವ ಮೊದಲೇ ಸಿಕ್ಕಿಬಿದ್ದವನೂ) ಅವನೇ.

ಅಟ್ಲಾಂಟಾವಾಸಿ

ಬಿಟ್ಟಿಲ್ಲ, ಅದೇ ನನ್ನ ವಾದಕ್ಕೆ ಪುಷ್ಟಿ ಕೊಡುತ್ತದೆ. ಆ ಹುಡುಗ ಎಡವಿದ, ಆದರೂ ಮತ್ತೆ ದೂರಕ್ಕೆ ಎಸೆದ. ಹರ್ಟ್ಸ್ ಆ ವರ್ಷ ಹಾಗೆ ಎಸೆಯುತ್ತಿರಲಿಲ್ಲ.

ಅಂಕಿಸಂಖ್ಯೆ

ವಾದ ಬೆಳೆಯುವ ಮೊದಲು ಅಂಕಿಗಳನ್ನು ಒಂದೆಡೆ ಇಡುತ್ತೇನೆ. 2016ರಲ್ಲಿ, ಮೊದಲ ವರ್ಷದಲ್ಲಿ, ಹರ್ಟ್ಸ್ 382ರಲ್ಲಿ 240 ಪಾಸ್ ಮುಟ್ಟಿಸಿ 2,780 ಯಾರ್ಡ್, 23 ಟಚ್‌ಡೌನ್, 9 ಇಂಟರ್ಸೆಪ್ಷನ್ ದಾಖಲಿಸಿದ. ಶೇ. 62.8. 2017ರಲ್ಲಿ 255ರಲ್ಲಿ 154, ಅಂದರೆ ಶೇ. 60.4; 2,081 ಯಾರ್ಡ್, 17 ಟಚ್‌ಡೌನ್, ಕೇವಲ 1 ಇಂಟರ್ಸೆಪ್ಷನ್. ಒಕ್ಲಹೋಮಾದಲ್ಲಿ 2019ರಲ್ಲಿ 340ರಲ್ಲಿ 237, ಶೇ. 69.7, 3,851 ಯಾರ್ಡ್, 32 ಟಚ್‌ಡೌನ್, 8 ಇಂಟರ್ಸೆಪ್ಷನ್. ಒಂದೊಂದು ಎಸೆತಕ್ಕೆ ಸಿಕ್ಕ ಯಾರ್ಡ್ ಲೆಕ್ಕ ಹಾಕಿದರೆ ಮೊದಲ ವರ್ಷ 7.3, ಎರಡನೇ ವರ್ಷ 8.2, ಒಕ್ಲಹೋಮಾದಲ್ಲಿ 11.3. ಅಲಬಾಮಾದಲ್ಲಿ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಆತನ ದಾಖಲೆ 26 ಗೆಲುವು, 2 ಸೋಲು.

ಆದರೆ ಇಡೀ ವರ್ಷದ ಅಂಕಿಗಳು ಇಲ್ಲಿ ದಾರಿ ತಪ್ಪಿಸುತ್ತವೆ. ದುರ್ಬಲ ತಂಡಗಳ ವಿರುದ್ಧ ಗಳಿಸಿದ್ದು ಅದರಲ್ಲಿ ಸೇರಿಕೊಂಡಿರುತ್ತದೆ. ಗಟ್ಟಿ ಡಿಫೆನ್ಸ್ ಎದುರಾದ ಪಂದ್ಯಗಳನ್ನು ಮಾತ್ರ ತೆಗೆದು ನೋಡಿ. 2016ರ ಡಿಸೆಂಬರ್ 31ರ ಪೀಚ್ ಬೌಲ್ ಸೆಮಿಫೈನಲ್‌ನಲ್ಲಿ ವಾಷಿಂಗ್ಟನ್ ವಿರುದ್ಧ 14ರಲ್ಲಿ 7, ಒಟ್ಟು 57 ಯಾರ್ಡ್. ಬೋ ಸ್ಕಾರ್ಬರೊ 180 ಯಾರ್ಡ್ ಓಡಿದ್ದರಿಂದ ತಂಡ 24-7ಕ್ಕೆ ಗೆದ್ದಿತು. ಅದಾದ ಮೇಲೆ ಕ್ಲೆಮ್ಸನ್ ವಿರುದ್ಧದ ಫೈನಲ್‌ನಲ್ಲಿ 31ರಲ್ಲಿ 13, ಒಟ್ಟು 131 ಯಾರ್ಡ್. ಅದರಲ್ಲೂ 68 ಯಾರ್ಡ್ ಬಂದದ್ದು ಡಿಫೆನ್ಸ್ ಕಾವಲು ತಪ್ಪಿ ಓ.ಜೆ. ಹಾವರ್ಡ್ ಒಂಟಿಯಾಗಿ ನಿಂತಿದ್ದ ಒಂದೇ ಪಾಸ್‌ನಿಂದ. ಅದನ್ನು ಕಳೆದರೆ 30 ಎಸೆತಗಳಿಗೆ 63 ಯಾರ್ಡ್ ಉಳಿಯುತ್ತದೆ. ರೋಗ ಅಟ್ಲಾಂಟಾದ ಫೈನಲ್‌ನಲ್ಲಿ ಕಾಣಿಸಿಕೊಂಡದ್ದಲ್ಲ, ಒಂದು ವರ್ಷ ಮೊದಲೇ ಅಲ್ಲಿತ್ತು.

ಶರಾವತಿ_ಎಡದಂಡೆ

ಕ್ಲೆಮ್ಸನ್ ಪಂದ್ಯವನ್ನು ಉದಾಹರಿಸುವವರು ಎರಡು ವಿಷಯಗಳನ್ನು ಜೊತೆಗೇ ಹೇಳಬೇಕು. ಮೊದಲನೆಯದು, ವರ್ಷವಿಡೀ ಆಟ ಹೇಳಿಕೊಡುತ್ತಿದ್ದ ಆಫೆನ್ಸಿವ್ ಕೋಆರ್ಡಿನೇಟರ್ ಲೇನ್ ಕಿಫಿನ್ ಫೈನಲ್‌ಗೆ ಒಂದು ವಾರ ಇರುವಾಗ ತಂಡ ಬಿಟ್ಟು ನಡೆದರು. ಸ್ಟೀವ್ ಸಾರ್ಕೀಸಿಯನ್ ಅವರ ಕೈಗೆ ಕೆಲಸ ಬಂತು. ಎರಡನೆಯದು, ಪಂದ್ಯ ಮುಗಿಯಲು 2 ನಿಮಿಷ ಚಿಲ್ಲರೆ ಇದ್ದಾಗ 30 ಯಾರ್ಡ್ ಓಡಿ ತಂಡವನ್ನು 31-28ಕ್ಕೆ ಮುಂದೆ ತಂದವನು ಇದೇ ಹರ್ಟ್ಸ್. ಒಂದು ಸೆಕೆಂಡ್ ಉಳಿದಿದ್ದಾಗ ಕ್ಲೆಮ್ಸನ್ ಟಚ್‌ಡೌನ್ ಗಳಿಸಿತು, ಅದನ್ನು ತಡೆಯಬೇಕಾಗಿದ್ದುದು ಡಿಫೆನ್ಸ್. ಹದಿನೆಂಟು ವರ್ಷದ ಹುಡುಗ ಗೆಲ್ಲುವ ಸ್ಥಿತಿಗೆ ತಂದು ಕೊಟ್ಟ ಪಂದ್ಯವನ್ನು ದೊಡ್ಡವರು ಕೈಚೆಲ್ಲಿದರೆ ಅದಕ್ಕೂ ಅವನೇ ಹೊಣೆಯೇ?

ಅಂಕಿಸಂಖ್ಯೆ

ಹೊಣೆ ಅವನೊಬ್ಬನದೇ ಎಂದು ನಾನು ಹೇಳಿಲ್ಲ. ಆದರೆ ಆ ರಾತ್ರಿ ಕ್ಲೆಮ್ಸನ್ ಚೆಂಡು ಹಿಡಿದು 99 ಬಿಡಿ ಆಟಗಳನ್ನು (ಪ್ಲೇ) ಆಡಿತು. ಡಿಫೆನ್ಸ್ ಅಷ್ಟು ಹೊತ್ತು ಮೈದಾನದಲ್ಲೇ ಉಳಿದದ್ದು ಏಕೆ? ಅಲಬಾಮಾ ಪದೇ ಪದೇ ಮೂರನೇ ಡೌನ್‌ನಲ್ಲಿ ನಿಂತು ಚೆಂಡನ್ನು ಪಂಟ್ ಮಾಡಿ (ದೂರ ಒದ್ದು) ಒಪ್ಪಿಸುತ್ತಿತ್ತು. ಪಾಸಿಂಗ್ ಆಟ ಸೊರಗಿದರೆ ಅದರ ಬೆಲೆಯನ್ನು ತೆರುವುದು ಡಿಫೆನ್ಸ್, ಅದೂ ನಾಲ್ಕನೇ ಕ್ವಾರ್ಟರ್‌ನಲ್ಲಿ, ಕಾಲು ಸೋತ ಮೇಲೆ. ಅಂಕಿಪಟ್ಟಿಯಲ್ಲಿ ಕ್ವಾರ್ಟರ್‌ಬ್ಯಾಕ್‌ನ ಹೆಸರಿನ ಮುಂದೆ ಇದು ಎಲ್ಲಿಯೂ ದಾಖಲಾಗುವುದಿಲ್ಲ.

ಕೊಡಗಿನ_ಕಿತ್ತಳೆ

2017ರಲ್ಲಿ 255 ಎಸೆತಗಳಿಗೆ ಒಂದೇ ಇಂಟರ್ಸೆಪ್ಷನ್ ಎಂಬುದನ್ನು ಎಲ್ಲರೂ ದಾಟಿ ಹೋಗುತ್ತಿದ್ದೀರಿ. ಮೊದಲ ವರ್ಷ ಒಂಬತ್ತು ಬಾರಿ ಚೆಂಡು ಕಳೆದ ಹುಡುಗ ಮರುವರ್ಷ ಒಂದಕ್ಕೆ ಇಳಿಸುತ್ತಾನೆಂದರೆ ಅದು ಕಲಿಕೆಯಲ್ಲದೆ ಇನ್ನೇನು? ಸೇಬನ್ ಅವರಂಥ ಕೋಚ್ ಕೇಳುವುದೇ ಅದನ್ನು. ಚೆಂಡನ್ನು ಎದುರಾಳಿಗೆ ಕೊಡಬೇಡ, ಉಳಿದದ್ದನ್ನು ಓಟಗಾರರು ಮತ್ತು ಡಿಫೆನ್ಸ್ ನೋಡಿಕೊಳ್ಳುತ್ತಾರೆ. ಹುಡುಗ ಹೇಳಿದ ಹಾಗೆ ಕೇಳಿದ. ಆಮೇಲೆ ಅದೇ ವಿಧೇಯತೆಯನ್ನು ದೋಷವೆಂದು ಕರೆದು ಕೂರಿಸಿದರು.

ಮೂರನೇ_ಡೌನ್

ಕೊಡಗಿನವರೇ, ನಿಮ್ಮ ಮಾತಿನ ಕೊನೆಯ ವಾಕ್ಯವನ್ನು ಒಪ್ಪುತ್ತೇನೆ, ಮೊದಲ ಭಾಗವನ್ನು ಒಪ್ಪಲಾರೆ. ಆ ಒಂದು ಎಂಬ ಸಂಖ್ಯೆಯೇ ರೋಗದ ಲಕ್ಷಣ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಸಾಮಾನ್ಯ ಔಟ್ ರೂಟನ್ನು ತೆಗೆದುಕೊಳ್ಳಿ. ರಿಸೀವರ್ (ಪಾಸ್ ಹಿಡಿಯುವವನು) ಹನ್ನೆರಡು ಯಾರ್ಡ್ ನೇರ ಓಡಿ, ಎಡಗಾಲನ್ನು ಊರಿ, ಮೈದಾನದ ಬದಿಯ ಗೆರೆಯ ಕಡೆಗೆ ತಿರುಗುತ್ತಾನೆ. ಅವನು ತಿರುಗಿ ಮುಖ ತೋರಿಸುವ ಹೊತ್ತಿಗೆ ಚೆಂಡು ಗಾಳಿಯಲ್ಲಿ ಇರಲೇಬೇಕು. ಕಾಲೇಜು ಮೈದಾನದಲ್ಲಿ ಎರಡು ಹ್ಯಾಷ್ ಗುರುತುಗಳ (ಪ್ರತಿ ಆಟಕ್ಕೆ ಚೆಂಡನ್ನು ಇಡುವ ಎಲ್ಲೆಗಳ) ನಡುವೆ 40 ಅಡಿ ಅಂತರವಿದೆ, ವೃತ್ತಿಪರ ಮೈದಾನದಲ್ಲಿ ಅದು ಹದಿನೆಂಟೂವರೆ ಅಡಿ. ಚೆಂಡು ಒಂದು ಬದಿಯ ಹ್ಯಾಷ್ ಮೇಲಿದ್ದಾಗ ಅಗಲವಾದ ಬದಿಗೆ ಔಟ್ ಎಸೆಯಬೇಕಾದರೆ ಚೆಂಡು ಮೈದಾನದ ಬಹುಭಾಗವನ್ನು ದಾಟಬೇಕು. ಅರ್ಧ ಸೆಕೆಂಡ್ ತಡವಾದರೆ ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್ ಬಂದು ಸೇರುತ್ತಾನೆ. ಕ್ರಿಕೆಟ್‌ನಲ್ಲಿ ಕವರ್ ಫೀಲ್ಡರ್ ಕೀಪರ್ ವಿಕೆಟ್ ಬಳಿ ಬಂದು ನಿಲ್ಲುವವರೆಗೆ ಕಾಯುವುದಿಲ್ಲ, ವಿಕೆಟ್‌ನ ಮೇಲಕ್ಕೆ ಎಸೆದುಬಿಡುತ್ತಾನೆ, ಕೀಪರ್ ಓಡಿಬಂದು ಹಿಡಿಯುತ್ತಾನೆ. ಹಾಗೆ ಖಾಲಿ ಜಾಗಕ್ಕೆ ಎಸೆಯುವ ನಂಬಿಕೆ ಆಗಿನ ಹರ್ಟ್ಸ್‌ನಲ್ಲಿ ಇರಲಿಲ್ಲ. ರಿಸೀವರ್ ತೆರವಾಗಿ ಕಂಡ ಮೇಲೆ ಎಸೆಯುತ್ತಿದ್ದ, ಕಾಣದಿದ್ದರೆ ಚೆಂಡನ್ನು ಕಂಕುಳಲ್ಲಿ ಸೇರಿಸಿ ಓಡುತ್ತಿದ್ದ. ತೆರವಾಗಿದ್ದವನಿಗೆ ಮಾತ್ರ ಎಸೆದರೆ ಇಂಟರ್ಸೆಪ್ಷನ್ ಆಗುವುದಿಲ್ಲ, ನಿಜ. ಆದರೆ ಒಳ್ಳೆಯ ಡಿಫೆನ್ಸ್ ಯಾರನ್ನೂ ಅಷ್ಟು ತೆರವಾಗಿ ಬಿಡುವುದೂ ಇಲ್ಲ.

ಹೊಸ_ನೋಡುಗ

ಆಟಕ್ಕೆ ಹೊಸಬಳಾದ ನನಗೊಂದು ಸಂದೇಹ. ‘ಮೊದಲ ರೀಡ್ ನೋಡಿ ಓಡಿಬಿಟ್ಟ’ ಎಂದು ವ್ಯಾಖ್ಯಾನಕಾರರು ಹೇಳುತ್ತಿರುತ್ತಾರೆ. ರೀಡ್ ಎಂದರೆ ನಿಖರವಾಗಿ ಏನು?

ಮೂರನೇ_ಡೌನ್

ಒಂದು ಪಾಸ್ ಆಟದಲ್ಲಿ ನಾಲ್ಕೈದು ಮಂದಿ ರೂಟ್ ಓಡುತ್ತಾರೆ. ಯಾರನ್ನು ಮೊದಲು ನೋಡಬೇಕು, ಅವನಿಗೆ ಕಾವಲಿದ್ದರೆ ಮುಂದೆ ಯಾರನ್ನು, ಆಮೇಲೆ ಯಾರನ್ನು ಎಂಬ ಅನುಕ್ರಮವನ್ನು ಮೊದಲೇ ನಿಗದಿ ಮಾಡಿರುತ್ತಾರೆ. ಆ ಒಂದೊಂದು ನೋಟವೂ ಒಂದೊಂದು ರೀಡ್. ಕ್ವಾರ್ಟರ್‌ಬ್ಯಾಕ್‌ಗೆ ಸಿಗುವ ಕಾಲ ಹೆಚ್ಚೆಂದರೆ ಮೂರು ಸೆಕೆಂಡ್. ಪ್ರತಿ ರೀಡ್‌ನ ಜೊತೆಗೂ ಕಾಲು ತಿರುಗಬೇಕು. ಕಣ್ಣು ಮೂರನೆಯವನ ಮೇಲಿದ್ದು ಪಾದ ಇನ್ನೂ ಮೊದಲನೆಯವನ ಕಡೆಗಿದ್ದರೆ ಎಸೆತ ಬಿರುಸಾಗಿದ್ದರೂ ಗುರಿ ತಪ್ಪುತ್ತದೆ. ಓಡಬಲ್ಲ ಹುಡುಗರಿಗೆ ಕೋಚ್‌ಗಳು ಸುಲಭವಾಗಲೆಂದು ಮೈದಾನದ ಅರ್ಧವನ್ನು ಮಾತ್ರ ನೋಡುವ ಆಟಗಳನ್ನು ಕೊಡುತ್ತಾರೆ: ಒಬ್ಬ, ಇನ್ನೊಬ್ಬ, ಇಲ್ಲವಾದರೆ ಓಡು. ಅದರಿಂದ ಶನಿವಾರದ ಪಂದ್ಯ ಗೆಲ್ಲಬಹುದು, ಆದರೆ ಮೂರನೆಯ ರೀಡ್ ಎಂದಿಗೂ ಅಭ್ಯಾಸವಾಗುವುದಿಲ್ಲ.

ಶರಾವತಿ_ಎಡದಂಡೆ

ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಓಟ ಮತ್ತು ಪಾಸ್ ಎರಡೂ ಒಂದೇ ಆಟದಲ್ಲಿ ಅಡಗಿರುವ ಆರ್‌ಪಿಒ ಎಂಬ ಪದ್ಧತಿ ಕಾಲೇಜು ಫುಟ್‌ಬಾಲ್‌ನಲ್ಲಿ ಇಷ್ಟು ಹಬ್ಬಲು ಒಂದು ನಿಯಮವೂ ಕಾರಣ. ಪಾಸ್ ಎಸೆಯುವ ಮುನ್ನ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಕಾವಲು ನಿಲ್ಲುವ ಸಾಲಿನ ಆಟಗಾರರು ಕಾಲೇಜಿನಲ್ಲಿ ಮೂರು ಯಾರ್ಡ್ ಮುಂದಕ್ಕೆ ಹೋಗಬಹುದು, ವೃತ್ತಿಪರ ಆಟದಲ್ಲಿ ಒಂದೇ ಯಾರ್ಡ್. ಹಾಗಾಗಿ ಡಿಫೆನ್ಸ್‌ನ ನಡುವೆ ನಿಲ್ಲುವ ಲೈನ್‌ಬ್ಯಾಕರ್ ಇದನ್ನು ಓಟವೆಂದೇ ನಂಬಿ ಮುಂದೆ ನುಗ್ಗುತ್ತಾನೆ, ಅವನ ಹಿಂದೆ ಚೆಂಡು ಹೋಗುತ್ತದೆ. ಇಂಥ ಪಾಸ್‌ಗಳೂ ಆಟ ಶುರುವಾಗುವ ಗೆರೆಯ ಹಿಂದೆಯೇ ಕೊಡುವ ಸ್ಕ್ರೀನ್ ಪಾಸ್‌ಗಳೂ ಸೇರಿ ಶೇಕಡಾವಾರನ್ನು ಚೆನ್ನಾಗಿ ತೋರಿಸುತ್ತವೆ. ಶೇ. 62.8 ಎಂದು ಓದಿದಾಗ ಅದರಲ್ಲಿ ಹುಡುಗ ಸ್ವತಃ ಕಣ್ಣಿಟ್ಟು ಬಿಡಿಸಿದ ಎಸೆತಗಳು ಎಷ್ಟು ಎಂದು ಕೇಳಿಕೊಳ್ಳಬೇಕು.

ಡಲ್ಲಾಸ್_ತಾಯಿ

ನಾನು ಅಂಕಿಅಂಶದ ತಜ್ಞೆಯಲ್ಲ, ಆದರೆ ಈ ತೊಂದರೆಯನ್ನು ಮನೆಯಲ್ಲೇ ನೋಡುತ್ತಿದ್ದೇನೆ. ನನ್ನ ಮಗ ಇಲ್ಲಿಯ ಪ್ರೌಢಶಾಲೆಯೊಂದರ ಕಿರಿಯರ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್. ಚುರುಕಾಗಿ ಓಡುತ್ತಾನೆ. ಅದೇ ಅವನಿಗೆ ಮುಳುವಾಯಿತು ಎಂದು ಈಗ ಅನಿಸುತ್ತಿದೆ. ಮೊದಲ ಕೋಚ್ ಅವನು ಪಾಕೆಟ್ (ಕಾವಲು ಸಾಲಿನ ಹಿಂದೆ ನಿಂತು ಎಸೆಯುವ ಜಾಗ) ಬಿಟ್ಟು ಓಡಿ ಹತ್ತು ಯಾರ್ಡ್ ತಂದಾಗಲೆಲ್ಲ ಬೆನ್ನು ತಟ್ಟುತ್ತಿದ್ದರು. ರಿಸೀವರ್ ತೆರವಾಗಿದ್ದನ್ನು ನೋಡದೆ ಓಡಿದ್ದನ್ನು ಯಾರೂ ತಿದ್ದಲಿಲ್ಲ.

ಈ ವರ್ಷ ಬಂದ ಹೊಸ ಕೋಚ್ ಮಾಡಿಸುತ್ತಿರುವ ಅಭ್ಯಾಸ ನೋಡಿದರೆ ನಿಮಗೆ ಅರ್ಥವಾಗುತ್ತದೆ. ಮೈದಾನದಲ್ಲಿ ಖಾಲಿ ಕಸದ ಡಬ್ಬಿಯನ್ನು ಗೆರೆಯ ಹತ್ತಿರ ಇಡುತ್ತಾರೆ. ಹುಡುಗ ಐದು ಹೆಜ್ಜೆ ಹಿಂದೆ ಸರಿಯಬೇಕು, ಐದನೆಯ ಹೆಜ್ಜೆ ನೆಲಕ್ಕೆ ಊರಿದ ಕೂಡಲೇ ಚೆಂಡು ಕೈ ಬಿಡಬೇಕು, ಡಬ್ಬಿಗೆ ಬೀಳಬೇಕು. ಅಷ್ಟು ಹೊತ್ತೂ ಅವನ ಕಣ್ಣು ಡಬ್ಬಿಯ ಮೇಲಿರಕೂಡದು, ನಡುವೆ ನಿಂತ ಇನ್ನೊಬ್ಬ ಹುಡುಗ ಎತ್ತಿ ತೋರಿಸುವ ಬೆರಳುಗಳ ಮೇಲಿರಬೇಕು, ಎಷ್ಟು ಬೆರಳೆಂದು ಕೂಗಿ ಹೇಳಬೇಕು. ಮೊದಮೊದಲು ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು. ಈಗ ಡಬ್ಬಿಯ ಅಂಚಿಗೆ ತಾಗುತ್ತಿದೆ. ಪಂದ್ಯದಲ್ಲಿ ಮಾತ್ರ ಇನ್ನೂ ಹಳೆಯ ಚಾಳಿಯೇ: ಎದುರಿನವರು ನುಗ್ಗಿ ಬಂದರೆ ಓಡಿಬಿಡುತ್ತಾನೆ. ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಪಂದ್ಯದ ದೃಶ್ಯ ಹಾಕಿ ನೋಡುವಾಗ ಅವನೇ ‘ಅಮ್ಮಾ, ಇಲ್ಲಿ ನೋಡು, ಇವನು ಖಾಲಿ ಇದ್ದ’ ಎಂದು ಪರದೆಗೆ ಬೆರಳಿಡುತ್ತಾನೆ. ಕಾಣುವುದಿಲ್ಲವೆಂದಲ್ಲ, ಆ ಗಳಿಗೆಯಲ್ಲಿ ಕಾಣುವುದಿಲ್ಲ.

ಹೊಳೆನರಸೀಪುರದವನು

ತಾಯಿಯವರೇ, ಬಹಳ ಉಪಯುಕ್ತವಾದ ಮಾತು. ಹರ್ಟ್ಸ್‌ನ ತಂದೆಯೇ ಟೆಕ್ಸಸ್‌ನ ಚಾನಲ್‌ವ್ಯೂ ಪ್ರೌಢಶಾಲೆಯಲ್ಲಿ ಫುಟ್‌ಬಾಲ್ ಕೋಚ್ ಆಗಿದ್ದವರು, ಮಗನಿಗೂ ಅವರೇ ಕಲಿಸಿದವರು. ಹೀಗಿರುವಾಗ ಆತನಿಗೆ ರೀಡ್ ಎಂದರೇನೆಂದು ಗೊತ್ತಿರಲಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಗೊತ್ತಿರುವುದಕ್ಕೂ ಒತ್ತಡದಲ್ಲಿ ಮಾಡುವುದಕ್ಕೂ ನಡುವಿನ ದೂರವೇ ಇಲ್ಲಿ ಮುಖ್ಯವೆಂದು ತೋರುತ್ತದೆ.

ಕೊಡಗಿನ_ಕಿತ್ತಳೆ

ಆ ದೂರವನ್ನು ದಾಟಿಸಬೇಕಾದವರು ಯಾರು, ಹೇಳಿ. 2016ರಲ್ಲಿ ಕಿಫಿನ್, ಫೈನಲ್‌ಗೆ ಸಾರ್ಕೀಸಿಯನ್. ಸಾರ್ಕೀಸಿಯನ್ ಒಂದು ತಿಂಗಳಲ್ಲೇ ಅಟ್ಲಾಂಟಾ ಫಾಲ್ಕನ್ಸ್ ಸೇರಿದರು. 2017ಕ್ಕೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನಿಂದ ಬ್ರಯನ್ ಡೇಬಲ್ ಬಂದರು, ಒಂದೇ ವರ್ಷಕ್ಕೆ ಬಫಲೋ ಬಿಲ್ಸ್‌ಗೆ ಹೋದರು. 2018ಕ್ಕೆ ಮೈಕ್ ಲಾಕ್ಸ್‌ಲಿ. 2019ಕ್ಕೆ ಒಕ್ಲಹೋಮಾದಲ್ಲಿ ಲಿಂಕನ್ ರೈಲಿ. ನಾಲ್ಕು ವರ್ಷದಲ್ಲಿ ಐದು ಮಂದಿ. ಪ್ರತಿಯೊಬ್ಬರೂ ತಮ್ಮದೇ ಆಟದ ಹೆಸರುಗಳು, ತಮ್ಮದೇ ಸಂಕೇತಗಳು, ತಮ್ಮದೇ ಕಾಲಿನ ಲಯ ತಂದಿರುತ್ತಾರೆ. ಒಂದು ಪದ್ಧತಿಯನ್ನು ಮೈಗೂಡಿಸಿಕೊಳ್ಳುವ ಮೊದಲೇ ಮರೆಯಬೇಕಾದ ವಿದ್ಯಾರ್ಥಿಯಿಂದ ನೀವು ಏನನ್ನು ನಿರೀಕ್ಷಿಸುತ್ತೀರಿ? ಬೇರಾವುದೇ ವಿಷಯದ ಅಧ್ಯಾಪಕರು ಹೀಗೆ ಬದಲಾಗುತ್ತಿದ್ದರೆ ತಂದೆತಾಯಿಯರು ಕಾಲೇಜಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು.

ಅಟ್ಲಾಂಟಾವಾಸಿ

ಟುವಾಗೂ ಡೇಬಲ್ ಅವರೇ ಆಗ ಕೋಆರ್ಡಿನೇಟರ್. ಅವನು ಬಂದು ಒಂದೇ ವರ್ಷವಾಗಿತ್ತು. ಅವನಿಗೆ ಆಗಿದ್ದು ಹರ್ಟ್ಸ್‌ಗೆ ಏಕೆ ಆಗಲಿಲ್ಲ?

ಕೊಡಗಿನ_ಕಿತ್ತಳೆ

ಟುವಾ ಹುಟ್ಟುಗುಣದಿಂದಲೇ ಬೇಗ ಎಸೆಯುವವನು. ಇಬ್ಬರೂ ಒಂದೇ ವಯಸ್ಸಿನಲ್ಲಿ ಒಂದೇ ಕಡೆ ತಲುಪಬೇಕೆಂಬ ನಿಯಮವೇನೂ ಇಲ್ಲ. ಆ ರಾತ್ರಿ ಯಾರು ಹೆಚ್ಚು ಸಿದ್ಧರಿದ್ದರು ಎಂಬುದು ಒಂದು ಪ್ರಶ್ನೆ, ಹರ್ಟ್ಸ್‌ಗೆ ಅದು ಬರುತ್ತಿರಲಿಲ್ಲವೇ ಎಂಬುದು ಬೇರೆ ಪ್ರಶ್ನೆ. ಮೊದಲನೆಯದರಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ.

ಬಯಲುಸೀಮೆ

ಹರ್ಟ್ಸ್ ಎಸೆಯಲು ಕಲಿತದ್ದು ಈಗಲ್ಸ್‌ಗೆ ಹೋದ ಮೇಲೆಯೇ. ಕಾಲೇಜಿನಲ್ಲಿ ಕೊನೆಯವರೆಗೂ ಓಟಗಾರನೇ ಆಗಿದ್ದ.

ಅಂಕಿಸಂಖ್ಯೆ

ಬಯಲುಸೀಮೆಯವರೇ, ಇದು ಸರಿಯಲ್ಲ. ಒಕ್ಲಹೋಮಾದ ಅಂಕಿಗಳನ್ನು ಮೇಲೆಯೇ ಕೊಟ್ಟಿದ್ದೇನೆ. ಆ ವರ್ಷ ಕಾಲೇಜಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಜೋ ಬರೋ ನಂತರದ ಎರಡನೇ ಸ್ಥಾನ ಹರ್ಟ್ಸ್‌ನದು. ಅದಕ್ಕೂ ಮೊದಲೇ ಬದಲಾವಣೆ ಶುರುವಾಗಿತ್ತು. 2018ರಲ್ಲಿ ಅಲಬಾಮಾದಲ್ಲಿ ಟುವಾಗೆ ಬದಲಿಯಾಗಿ ಕುಳಿತಿದ್ದಾಗ ಸಿಕ್ಕ ಅವಕಾಶಗಳಲ್ಲೇ 70ರಲ್ಲಿ 51 ಪಾಸ್ ಮುಟ್ಟಿಸಿದ್ದ, 765 ಯಾರ್ಡ್ ಗಳಿಸಿದ್ದ. ಆ ವರ್ಷ ಕ್ವಾರ್ಟರ್‌ಬ್ಯಾಕ್‌ಗಳಿಗೆಂದೇ ಡ್ಯಾನ್ ಈನಸ್ ಎಂಬ ಕೋಚ್ ಬಂದಿದ್ದರು.

2018ರ ಡಿಸೆಂಬರ್ 1ರಂದು ನಡೆದ ಎಸ್‌ಇಸಿ (ಅಲಬಾಮಾ, ಜಾರ್ಜಿಯಾ ಇರುವ ಕಾಲೇಜು ತಂಡಗಳ ಗುಂಪು) ಫೈನಲ್ ಇದಕ್ಕೆ ಸಾಕ್ಷಿ. ಅದೇ ಅಟ್ಲಾಂಟಾ, ಅದೇ ಕ್ರೀಡಾಂಗಣ, ಅದೇ ಜಾರ್ಜಿಯಾ. ಟುವಾ ಗಾಯಗೊಂಡು ಹೊರಗೆ ಹೋದಾಗ ಅಲಬಾಮಾ 21-28ರಿಂದ ಹಿಂದಿತ್ತು. ಹರ್ಟ್ಸ್ ಬಂದು 9ರಲ್ಲಿ 7 ಪಾಸ್ ಮುಟ್ಟಿಸಿ 82 ಯಾರ್ಡ್ ಗಳಿಸಿದ. ಜೆರ್ರಿ ಜ್ಯೂಡಿಗೆ ಟಚ್‌ಡೌನ್ ಪಾಸ್ ಕೊಟ್ಟು ಸಮ ಮಾಡಿ, ಕೊನೆಯ ಒಂದು ನಿಮಿಷ ಚಿಲ್ಲರೆ ಉಳಿದಾಗ 15 ಯಾರ್ಡ್ ತಾನೇ ಓಡಿ 35-28ಕ್ಕೆ ಗೆಲ್ಲಿಸಿದ. ಓಟ ಪ್ರಸಿದ್ಧವಾಯಿತು. ನೋಡಬೇಕಾದದ್ದು ಅದಕ್ಕಿಂತ ಮೊದಲಿನ ಮೂರನೇ ಡೌನ್ ಪಾಸ್‌ಗಳನ್ನು.

ಅಟ್ಲಾಂಟಾವಾಸಿ

ಆ ಪಂದ್ಯವನ್ನೂ ನೆನಪಿಸಿದಿರಲ್ಲ! ಒಪ್ಪಿದೆ, ಆ ದಿನ ಆತ ಪಾಕೆಟ್‌ನಲ್ಲಿ ನಿಂತೇ ಎಸೆದ. ನಮ್ಮವರು ಹಳೆಯ ಹರ್ಟ್ಸ್ ಬಂದನೆಂದು ಮುಂದೆ ತುಂಬಿಕೊಂಡು ನಿಂತರು, ಹಿಂದೆ ಜಾಗ ಬಿಟ್ಟರು. ಆದರೆ ಒಕ್ಲಹೋಮಾದ ಅಂಕಿಗಳಿಗೆ ಅಷ್ಟು ಬೆಲೆ ಕೊಡಬೇಡಿ. ಒಕ್ಲಹೋಮಾ ಆಗ ಆಡುತ್ತಿದ್ದ ಬಿಗ್ 12 ಗುಂಪಿನ ಡಿಫೆನ್ಸ್‌ಗಳು ಎಸ್‌ಇಸಿಯಷ್ಟು ಗಟ್ಟಿ ಇರಲಿಲ್ಲ. 2019ರ ಪೀಚ್ ಬೌಲ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ಎದುರಾದಾಗ 31ರಲ್ಲಿ 15 ಮಾತ್ರ ಮುಟ್ಟಿಸಿದ, ತಂಡ 28-63ಕ್ಕೆ ಸೋತಿತು.

ಶರಾವತಿ_ಎಡದಂಡೆ

ಎಲ್‌ಎಸ್‌ಯು ಆ ವರ್ಷ ಒಂದೂ ಪಂದ್ಯ ಸೋಲದ ತಂಡ, ಅದರ ಎದುರು ಯಾರು ನಿಂತರು? ನೀವು ಎಣಿಸಬೇಕಾದದ್ದು ಅದೇ ನವೆಂಬರ್‌ನ ಬೇಲರ್ ಪಂದ್ಯವನ್ನು. 3-28ರಿಂದ ಹಿಂದಿದ್ದ ತಂಡವನ್ನು 34-31ಕ್ಕೆ ತಂದು ನಿಲ್ಲಿಸಿದಾಗ ನಾಲ್ಕು ಟಚ್‌ಡೌನ್‌ಗಳು ಪಾಸ್‌ನಿಂದಲೇ ಬಂದವು. ಹಿಂದಿರುವಾಗ ಎಸೆದು ಗೆಲ್ಲಿಸಲಾರ ಎಂಬುದೇ ಅಲ್ಲವೇ ಆತನ ಮೇಲಿದ್ದ ಮುಖ್ಯ ಆರೋಪ?

ಹೊಸ_ನೋಡುಗ

ಕಾಲೇಜಿನಲ್ಲಿ ಪಾಸ್ ಕೈಹಿಡಿಯದೆ ಮುಂದೆ ಸುಧಾರಿಸಿದವರು ಬೇರೆ ಯಾರಾದರೂ ಇದ್ದಾರೆಯೇ? ಇವನೊಬ್ಬನೇ ಅಪವಾದವೇ?

ಅಂಕಿಸಂಖ್ಯೆ

ಎರಡೂ ಬಗೆಯವರಿದ್ದಾರೆ. ವಯೋಮಿಂಗ್‌ನಲ್ಲಿ ಆಡಿದ ಜಾಶ್ ಆಲನ್ ಕಾಲೇಜಿನಲ್ಲಿ ಒಟ್ಟಾರೆ ಶೇ. 56.2 ಮುಟ್ಟಿಸಿದವನು. ಬಫಲೋ ಬಿಲ್ಸ್ 2018ರಲ್ಲಿ ವೃತ್ತಿಪರ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಏಳನೇ ಆಯ್ಕೆಯಾಗಿ ತೆಗೆದುಕೊಂಡಾಗ ಬಹಳ ಮಂದಿ ಮೂಗು ಮುರಿದರು. ಮೊದಲ ವರ್ಷ ಶೇ. 52.8, ಎರಡನೇ ವರ್ಷ 58.8, ಮೂರನೇ ವರ್ಷ 69.2. ಕೊಡಗಿನವರು ಗಮನಿಸಬೇಕು, ಆ ಮೂರೂ ವರ್ಷ ಕೋಆರ್ಡಿನೇಟರ್ ಒಬ್ಬರೇ, ಹರ್ಟ್ಸ್‌ಗೆ ಒಂದೇ ವರ್ಷ ಸಿಕ್ಕಿದ್ದ ಬ್ರಯನ್ ಡೇಬಲ್. ಇನ್ನೊಂದು ಬದಿಗೆ ಫ್ಲಾರಿಡಾದ ಆಂಟನಿ ರಿಚರ್ಡ್‌ಸನ್. 2022ರಲ್ಲಿ ಶೇ. 53.8, 17 ಟಚ್‌ಡೌನ್, 9 ಇಂಟರ್ಸೆಪ್ಷನ್. ಕೆಂಟಕಿ ವಿರುದ್ಧ 35ರಲ್ಲಿ 14. ಕಾಲೇಜಿನಲ್ಲಿ ಆರಂಭಿಕನಾಗಿ ಆಡಿದ್ದೇ 13 ಪಂದ್ಯ. ಮೈಕಟ್ಟು, ವೇಗ, ತೋಳಿನ ಬಲ ನೋಡಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ 2023ರಲ್ಲಿ ನಾಲ್ಕನೇ ಆಯ್ಕೆಯಾಗಿ ತೆಗೆದುಕೊಂಡಿತು. ಎಸೆತದ ನಿಖರತೆಯ ತೊಂದರೆ ಅಲ್ಲಿಗೂ ಬೆನ್ನು ಹತ್ತಿತು, 2024ರಲ್ಲಿ ತಂಡ ಆತನನ್ನು ಸ್ವಲ್ಪ ಕಾಲ ಹೊರಗೂ ಕೂರಿಸಿತು.

ಡಲ್ಲಾಸ್_ತಾಯಿ

13 ಪಂದ್ಯಗಳೇ! ನನ್ನ ಮಗನ ಶಾಲೆಯ ಹಿರಿಯ ಹುಡುಗರು ಅದಕ್ಕಿಂತ ಹೆಚ್ಚು ಆಡಿರುತ್ತಾರೆ. ಅಷ್ಟು ಕಡಿಮೆ ಆಡಿದವನನ್ನು ದೊಡ್ಡವರ ನಡುವೆ ನಿಲ್ಲಿಸುವುದು ಹುಡುಗನಿಗೆ ಮಾಡುವ ಅನ್ಯಾಯ.

ಬಯಲುಸೀಮೆ

ಈಗಿನವರನ್ನೂ ನೋಡಿ. ಟೆಕ್ಸಸ್‌ನ ಆರ್ಚ್ ಮ್ಯಾನಿಂಗ್ 2025ರ ಮೊದಲ ಪಂದ್ಯವನ್ನು ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್ ವಿರುದ್ಧ ಆಡಿದಾಗ 30ರಲ್ಲಿ 17, ಒಟ್ಟು 170 ಯಾರ್ಡ್, 7-14ರ ಸೋಲು. ಅಜ್ಜ, ಚಿಕ್ಕಪ್ಪಂದಿರ ಹೆಸರಿನ ಭಾರ ಬೇರೆ. ಒಂದೇ ಪಂದ್ಯಕ್ಕೆ ಜನ ಆತನ ಭವಿಷ್ಯವನ್ನೇ ಬರೆದು ಮುಗಿಸಿದರು.

ಮೂರನೇ_ಡೌನ್

ಆ ಪಂದ್ಯವನ್ನು ನಾನು ಪೂರ್ತಿ ನೋಡಿದೆ. ಅಲ್ಲಿಯ ತೊಂದರೆ ಬೇರೆ ಬಗೆಯದು. ಮ್ಯಾನಿಂಗ್ ಎಸೆಯಲು ಹೆದರಲಿಲ್ಲ, ಪಾದ ನೆಲೆಗೊಳ್ಳುವ ಮೊದಲೇ ತೋಳನ್ನು ಪಕ್ಕದಿಂದ ಬೀಸಿ ಎಸೆದ, ಹಲವು ಚೆಂಡುಗಳು ರಿಸೀವರ್‌ನ ಹಿಂದಕ್ಕೋ ಕಾಲಬುಡಕ್ಕೋ ಬಿದ್ದವು. ಎಸೆಯದೆ ಉಳಿಯುವ ಹುಡುಗನಿಗೂ ಅವಸರದಲ್ಲಿ ಎಸೆಯುವ ಹುಡುಗನಿಗೂ ಒಂದೇ ಔಷಧ ಕೊಡಲಾಗದು. ಒಬ್ಬನಿಗೆ ಕಣ್ಣಿನ ಮೇಲೆ ನಂಬಿಕೆ ಬರಿಸಬೇಕು, ಇನ್ನೊಬ್ಬನಿಗೆ ಕಾಲನ್ನು ನಿಲ್ಲಿಸಬೇಕು. ಅಂಕಿಪಟ್ಟಿಯಲ್ಲಿ ಮಾತ್ರ ಇಬ್ಬರೂ ಹೆಚ್ಚುಕಡಿಮೆ ಒಂದೇ ರೀತಿ ಕಾಣಬಹುದು.

ಕೊಡಗಿನ_ಕಿತ್ತಳೆ

ಈಗಿನ ವ್ಯವಸ್ಥೆಯಲ್ಲಿ ಹರ್ಟ್ಸ್ ಇದ್ದಿದ್ದರೆ ಆ ಫೈನಲ್ ಮುಗಿದ ವಾರದಲ್ಲೇ ತಂಡ ಬದಲಿಸುತ್ತಿದ್ದ ಎಂದು ಬಹಳ ಮಂದಿ ಹೇಳುತ್ತಾರೆ. ಆಗ ಒಂದು ವರ್ಷ ಆಡದೆ ಕೂರಬೇಕೆಂಬ ನಿಯಮವಿತ್ತು. 2021ರಲ್ಲಿ ಅದು ಸಡಿಲವಾಯಿತು. ಆತ ಉಳಿದು, 2018ರ ಡಿಸೆಂಬರ್‌ನಲ್ಲಿ ಪದವಿ ಮುಗಿಸಿ, ಪದವೀಧರನಾಗಿ ಒಕ್ಲಹೋಮಾಗೆ ಹೋದ್ದರಿಂದ ಕಾಯದೆ ಆಡಲು ಸಾಧ್ಯವಾಯಿತು. ಬೆಂಚಿನ ಮೇಲೆ ಕಳೆದ ಆ ವರ್ಷ ಆತನಿಗೆ ಒಳ್ಳೆಯದೇ ಮಾಡಿತೆಂದು ನಾನೂ ನಂಬುತ್ತೇನೆ. ಪ್ರತಿ ಶನಿವಾರ ಗೆಲ್ಲಲೇಬೇಕೆಂಬ ಹೊರೆಯಿಲ್ಲದೆ ಅಭ್ಯಾಸದಲ್ಲಿ ತಪ್ಪು ಎಸೆಯಲು ಆತನಿಗೆ ಮೊದಲ ಬಾರಿಗೆ ಬಿಡುವು ಸಿಕ್ಕಿತು.

ಹೊಳೆನರಸೀಪುರದವನು

ಇಷ್ಟು ಓದಿದ ಮೇಲೆ ನನ್ನ ಪ್ರಶ್ನೆಯನ್ನು ತುಸು ಬದಲಿಸಿ ಕೇಳುತ್ತೇನೆ. ಕ್ಲೆಮ್ಸನ್ ಪಂದ್ಯದಲ್ಲೇ ದೋಷ ಕಂಡಿತ್ತು, 2017ರ ನವೆಂಬರ್‌ನಲ್ಲಿ ಆಬರ್ನ್ ವಿರುದ್ಧ 22ರಲ್ಲಿ 12, 112 ಯಾರ್ಡ್ ಗಳಿಸಿ 14-26ಕ್ಕೆ ಸೋತಾಗ ಮತ್ತೆ ಕಂಡಿತ್ತು. ಸೇಬನ್ ಅವರಂಥ ಸೂಕ್ಷ್ಮದೃಷ್ಟಿಯ ಕೋಚ್ ಬದಲಾವಣೆಗೆ ಫೈನಲ್‌ನ ವಿರಾಮದವರೆಗೆ ಕಾದದ್ದೇಕೆ?

ಅಂಕಿಸಂಖ್ಯೆ

ಅಲ್ಲಿಯವರೆಗಿನ 25 ಗೆಲುವುಗಳು ಕಣ್ಣಿಗೆ ಅಡ್ಡ ನಿಂತಿದ್ದವು.

ಶರಾವತಿ_ಎಡದಂಡೆ

ಅದೊಂದೇ ಅಲ್ಲ. ಆಬರ್ನ್ ಸೋಲಿನ ನಂತರ ಬಂದದ್ದು ಕ್ಲೆಮ್ಸನ್ ವಿರುದ್ಧದ ಸೆಮಿಫೈನಲ್. ಅಲ್ಲಿ ಹರ್ಟ್ಸ್ 24ರಲ್ಲಿ 16 ಮುಟ್ಟಿಸಿ, ಎರಡು ಟಚ್‌ಡೌನ್ ಪಾಸ್ ಕೊಟ್ಟು, 24-6ಕ್ಕೆ ಗೆಲ್ಲಿಸಿದ್ದ. ಆ ಪಂದ್ಯವಾಗಿ ಒಂದು ವಾರಕ್ಕೆ ಫೈನಲ್. ಹಾಗೆ ಗೆದ್ದ ಹುಡುಗನನ್ನು ಯಾವ ಕೋಚ್ ತಾನೇ ಆರಂಭದಲ್ಲೇ ಕೂರಿಸಿಯಾರು?

ಮೂರನೇ_ಡೌನ್

ಆ 16 ಪಾಸ್‌ಗಳಿಂದ ಬಂದದ್ದು 120 ಯಾರ್ಡ್, ಶರಾವತಿಯವರೇ. ಮುಟ್ಟಿದ ಒಂದೊಂದು ಪಾಸ್‌ಗೆ ಏಳೂವರೆ ಯಾರ್ಡ್. ಎರಡು ಟಚ್‌ಡೌನ್‌ಗಳಿದ್ದವು, ಗೆಲುವೂ ಇತ್ತು, ಆದರೆ ಜಾರ್ಜಿಯಾದ ಕೋಚ್‌ಗಳು ಆ ದೃಶ್ಯಗಳನ್ನು ನೋಡಿದಾಗ ಇವರು ದೂರಕ್ಕೆ ಎಸೆಯುವವರಲ್ಲ ಎಂಬುದು ಅವರಿಗೆ ಕಂಡಿರಲೇಬೇಕು. ಬದಲಾಯಿಸುವುದು ಬೇಡ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಒಂದು ವಾರದಲ್ಲಿ ಡೇಬಲ್ ಮತ್ತು ಸೇಬನ್ ಹರ್ಟ್ಸ್‌ನ ಕೈಗೆ ಮೊದಲ ಸರದಿಯಲ್ಲೇ ರಿಸೀವರ್ ಕ್ಯಾಲ್ವಿನ್ ರಿಡ್ಲಿಗೆ ಎರಡು ನೀಳ ಪಾಸ್‌ಗಳನ್ನು ಬರೆದುಕೊಡಬಹುದಿತ್ತು. ಮುಟ್ಟದಿದ್ದರೂ ಸೇಫ್ಟಿಗಳು (ಡಿಫೆನ್ಸ್‌ನ ಕಟ್ಟಕಡೆಯ ಕಾವಲುಗಾರರು) ಹಿಂದೆ ಸರಿಯುತ್ತಿದ್ದರು, ಆತನಿಗೆ ಬೇಕಾದ ನಡುವಿನ ಜಾಗ ತೆರೆಯುತ್ತಿತ್ತು.

ಅಟ್ಲಾಂಟಾವಾಸಿ

ಎರಡನ್ನು ಎಸೆದು ಎರಡೂ ತಪ್ಪಿದ್ದರೆ ನಮ್ಮ ಸೇಫ್ಟಿಗಳು ಒಂದಡಿಯೂ ಹಿಂದೆ ಸರಿಯುತ್ತಿರಲಿಲ್ಲ. ಡಿಫೆನ್ಸ್ ಹೆದರುವುದು ಮುಟ್ಟಿದ ಪಾಸ್‌ಗೆ ಮಾತ್ರ. ಈ ವಿಷಯದಲ್ಲಿ ನಿಮ್ಮೊಡನೆ ಒಪ್ಪಂದಕ್ಕೆ ಬರಲಾರೆ.